ಬೂದಿದಿಬ್ಬದಿಂದ ಬಣವೆಯವರೆಗೆ

ಬಳ್ಳಾರಿಯಿಂದ ಹೊಸಪೇಟೆ ಕಡೆಗೆ ಹೊರಟರೆ ಕುಡತಿನಿ ಸಿಗುತ್ತದೆ. ಅಲ್ಲಿ ಎರಡು ಬಗೆಯ ಬೂದಿ ಇದೆ. ಒಂದು, ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಕಲ್ಲಿದ್ದಲ ಬೂದಿ. ಇನ್ನೊಂದು ದಾರಿಯ ಹತ್ತಿರವೇ ದಿಬ್ಬವಾಗಿ ನಿಂತಿರುವ ಬೂದಿ. ಅದನ್ನು ಸುಟ್ಟವರು ನಾಲ್ಕು ಸಾವಿರ ವರ್ಷಗಳ ಹಿಂದಿನ ದನಗಾಹಿಗಳು. ಸುಟ್ಟದ್ದು ಸಗಣಿ.

ಈ ದಿಬ್ಬಗಳ ಬಗ್ಗೆ ಜನ ಬಹುಕಾಲ ಕಥೆ ಕಟ್ಟಿದರು. ಹಂಪಿಯ ಹತ್ತಿರ ನಿಂಬಾಪುರದ ಬೂದಿಯನ್ನು ಇಂದಿಗೂ ವಾಲಿಯ ಚಿತೆಯದೆಂದೇ ಹೇಳುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಯಾಪ್ಟನ್ ನ್ಯೂಬೋಲ್ಡ್, ಆಮೇಲೆ ರಾಬರ್ಟ್ ಬ್ರೂಸ್ ಫೂಟ್ ಇವನ್ನು ಕೆದಕಿ ನೋಡಿದರು. ಕೊನೆಗೆ 1963ರಲ್ಲಿ ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಬರೆದ ಪುಸ್ತಕದಿಂದ ಚಿತ್ರ ಸ್ಪಷ್ಟವಾಯಿತು. ತೆಲಂಗಾಣದ ಉತ್ನೂರಿನಲ್ಲಿ ಅವರು ಅಗೆದಾಗ ಬೂದಿಯ ಪದರಗಳ ನಡುವೆ ದನದ ಗೊರಸಿನ ಗುರುತುಗಳು ಸಿಕ್ಕಿದ್ದವು. ದನ ಕೂಡುವ ದೊಡ್ಡಿ, ಅದರಲ್ಲಿ ವರ್ಷಗಟ್ಟಲೆ ಸೇರಿದ ಸಗಣಿ, ಆಗಾಗ ಅದಕ್ಕೆ ಇಟ್ಟ ಬೆಂಕಿ. ಬಳ್ಳಾರಿಗೆ ಅಂಟಿಕೊಂಡಿರುವ ಸಂಗನಕಲ್ಲಿನ ಗುಡ್ಡಗಳ ಬಂಡೆಗಳ ಮೇಲೆ ಅದೇ ಜನ ಉದ್ದ ಕೊಂಬಿನ ದನಗಳನ್ನು ಕುಟ್ಟಿ ಕುಟ್ಟಿ ಬಿಡಿಸಿದ್ದಾರೆ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡಗಳಲ್ಲೂ ಆ ಕಾಲದವರೇ ಮನೆ ಮಾಡಿಕೊಂಡಿದ್ದರು.

ಸಗಣಿ ಬೂದಿಯಾಗಿ ಉಳಿಯಿತು. ಆದರೆ ಆ ದನಗಳು ತಿಂದ ಹುಲ್ಲಿನ ಒಂದು ಪಾಲು ಸಗಣಿಯೂ ಆಗಲಿಲ್ಲ, ಹಾಲೂ ಆಗಲಿಲ್ಲ, ಮಾಂಸವೂ ಆಗಲಿಲ್ಲ. ಅದು ತೇಗಾಗಿ ಗಾಳಿಗೆ ಸೇರಿತು. ಭೂಮಿಯ ಬಿಸಿ ಏರಿಸುವ ಮೀಥೇನ್ ಎಂಬ ಆ ಅನಿಲ ಬಣ್ಣವಿಲ್ಲದ್ದು, ವಾಸನೆಯಿಲ್ಲದ್ದು, ದಿಬ್ಬ ಕಟ್ಟದ್ದು. ಅದರ ಗುರುತು ಇರುವುದು ಬಳ್ಳಾರಿಯಲ್ಲಲ್ಲ, ಧ್ರುವಪ್ರದೇಶದ ಹಿಮದೊಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಗಳಲ್ಲಿ. ಹತ್ತು ಸಾವಿರ ವರ್ಷಗಳ ಹಿಂದಿನಿಂದ ನಿಧಾನವಾಗಿ ಇಳಿಯುತ್ತಿದ್ದ ಮೀಥೇನ್ ಸುಮಾರು 5,000 ವರ್ಷಗಳ ಹಿಂದೆ ದಿಕ್ಕು ಬದಲಿಸಿ ಏರತೊಡಗಿತು ಎಂದು ಆ ಗುಳ್ಳೆಗಳು ಹೇಳುತ್ತವೆ. ಇದಕ್ಕೆ ಮನುಷ್ಯನ ಗದ್ದೆ ಮತ್ತು ದನಗಳೇ ಕಾರಣ ಎಂದು ಹವಾಮಾನ ವಿಜ್ಞಾನಿ ವಿಲಿಯಂ ರಡಿಮನ್ 2003ರಲ್ಲಿ ವಾದಿಸಿದರು. ಜೌಗು ನೆಲಗಳ ಸಹಜ ಏರಿಳಿತ ಸಾಕು ಎಂದು ಇನ್ನು ಕೆಲವರು ಹೇಳಿದರು. ಏಷ್ಯಾದ ಭತ್ತ ಮತ್ತು ಜಾನುವಾರುಗಳು ಯಾವ ಕಾಲಕ್ಕೆ ಎಲ್ಲೆಲ್ಲಿ ಹರಡಿದವು ಎಂದು ಲೆಕ್ಕಹಾಕಿ 2011ರಲ್ಲಿ ಈ ಚರ್ಚೆಗೆ ದೊಡ್ಡ ಪ್ರಬಂಧ ಕೊಟ್ಟ ತಂಡದ ಮುಂದಾಳು ಪುರಾತತ್ವಜ್ಞ ಡೋರಿಯನ್ ಫುಲ್ಲರ್. ಧಾರವಾಡದ ರವಿ ಕೋರಿಶೆಟ್ಟರ್ ಅವರೊಂದಿಗೆ ಸಂಗನಕಲ್ಲಿನ ಮಣ್ಣಿನಿಂದ ಹುರುಳಿ, ಕೊರಲೆಯ ಸುಟ್ಟ ಕಾಳುಗಳನ್ನು ಆಯ್ದು ತೆಗೆದವರೂ ಇವರೇ. ಜಗತ್ತಿನ ಹವೆಯ ಪ್ರಶ್ನೆಯೊಂದು ಬಳ್ಳಾರಿಯ ಗುಡ್ಡದ ಮಣ್ಣನ್ನೂ ದಾಟಿ ಹೋಗಿದೆ ಎಂಬುದು ನನಗೆ ಪ್ರತಿ ಸಲವೂ ರೋಮಾಂಚನ ತರುತ್ತದೆ.

ಈಗ ದನದ ಹೊಟ್ಟೆಯೊಳಕ್ಕೆ ಹೋಗೋಣ.

ಕುರುಗೋಡಿನ ದೊಡ್ಡಬಸವೇಶ್ವರನನ್ನು ನೋಡಿದವರಿಗೆ ಆ ಬೃಹತ್ ನಂದಿ ಕುಳಿತ ಭಂಗಿ ನೆನಪಿರುತ್ತದೆ. ಕಾಲು ಮಡಿಸಿ, ಕತ್ತೆತ್ತಿ, ನಿಶ್ಚಿಂತೆಯಿಂದ ಕೂತ ಎತ್ತು. ಶಿಲ್ಪಿ ಕೊಟ್ಟಿಗೆಯನ್ನು ಚೆನ್ನಾಗಿ ಕಂಡವನು. ದನ ಹಾಗೆ ಕೂತಾಗ ಸುಮ್ಮನೆ ಕೂತಿರುವುದಿಲ್ಲ, ಮೆಲುಕು ಹಾಕುತ್ತಿರುತ್ತದೆ. ದಿನದಲ್ಲಿ ಏಳೆಂಟು ತಾಸು ಅದಕ್ಕೇ ಹೋಗುತ್ತದೆ. ಬೆಳಿಗ್ಗೆ ಅವಸರದಲ್ಲಿ ನುಂಗಿದ ಹುಲ್ಲನ್ನು ತುತ್ತು ತುತ್ತಾಗಿ ಬಾಯಿಗೆ ತಂದುಕೊಂಡು, ನುಣ್ಣಗೆ ಅರೆದು, ಮತ್ತೆ ಒಳಗೆ ಕಳಿಸುತ್ತದೆ.

ದನದ ಹೊಟ್ಟೆಗೆ ನಾಲ್ಕು ಕೋಣೆ. ಮೊದಲನೆಯದೇ ದೊಡ್ಡದು, ದೊಡ್ಡ ಆಕಳಲ್ಲಿ ನೂರು ಲೀಟರ್ ಹಿಡಿಯುವ ಚೀಲ. ಅದನ್ನು ಮೆಲುಕುಚೀಲ ಎನ್ನೋಣ. ಬಿಸಿ ಸುಮಾರು 39 ಡಿಗ್ರಿ, ಆಮ್ಲಜನಕ ಇಲ್ಲವೇ ಇಲ್ಲ. ಅದರೊಳಗಿನ ಒಂದು ಮಿಲಿಲೀಟರ್ ರಸದಲ್ಲಿ ಸಾವಿರ ಕೋಟಿ ಬ್ಯಾಕ್ಟೀರಿಯಾಗಳಿರುತ್ತವೆ. ಜೊತೆಗೆ ಪ್ರೋಟೊಜೋವಾಗಳು, ಶಿಲೀಂಧ್ರಗಳು. ಹುಲ್ಲಿನ ನಾರು, ಅಂದರೆ ಸೆಲ್ಯುಲೋಸ್, ದನಕ್ಕೂ ಕರಗದು, ನಮಗೂ ಕರಗದು. ಅದನ್ನು ಒಡೆಯುವ ಕಿಣ್ವ ಇರುವುದು ಈ ಜೀವಿಗಳ ಹತ್ತಿರ. ಅವು ನಾರನ್ನು ಕೊಳೆಸಿ ತಮ್ಮ ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಅವು ಬಿಟ್ಟುಕೊಡುವ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಆಮ್ಲಗಳೇ ದನದ ಅನ್ನ. ನಾವು ಆಕಳಿಗೆ ಮೇವು ಹಾಕುತ್ತೇವೆ ಎನ್ನುತ್ತೇವೆ. ಮೊದಲು ಉಣ್ಣುವವರು ಆ ಸೂಕ್ಷ್ಮಜೀವಿಗಳು.

ಕೊಳೆಯುವಾಗ ಒಂದು ತೊಡಕಿದೆ. ಅಸಿಟೇಟ್, ಬ್ಯುಟಿರೇಟ್ ಆಗುವಾಗ ಜಲಜನಕ ಬಿಡುಗಡೆಯಾಗುತ್ತದೆ. ಅದು ಚೀಲದಲ್ಲಿ ತುಂಬಿಕೊಂಡರೆ ಕೊಳೆಸುವ ಕೆಲಸವೇ ನಿಲ್ಲುತ್ತದೆ. ಅದನ್ನು ತೆಗೆದುಹಾಕಲು ಆರ್ಕಿಯಾ ಎಂಬ ಪುರಾತನ ಕುಲದ ಜೀವಿಗಳು ಕಾದಿರುತ್ತವೆ. ಅವು ನಾಲ್ಕು ಜಲಜನಕ ಅಣುಗಳನ್ನು ಒಂದು ಇಂಗಾಲದ ಡೈಆಕ್ಸೈಡ್ ಅಣುವಿಗೆ ಸೇರಿಸಿ ಒಂದು ಮೀಥೇನ್ ಅಣು, ಎರಡು ನೀರಿನ ಅಣು ಮಾಡುತ್ತವೆ. ಹೀಗೆ ಚೀಲ ಸ್ವಚ್ಛವಾಗುತ್ತದೆ. ಅದರ ಬೆಲೆಯೇ ಮೀಥೇನ್. ಪ್ರೊಪಿಯೊನೇಟ್‌ನ ದಾರಿ ಬೇರೆ, ಅದು ಜಲಜನಕವನ್ನು ತಾನೇ ಬಳಸಿಕೊಳ್ಳುತ್ತದೆ. ಈ ಒಂದು ವ್ಯತ್ಯಾಸವನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ಗಟ್ಟಿ ನಾರಿನ ಮೇವು ಅಸಿಟೇಟ್ ಕಡೆಗೆ ಎಳೆಯುತ್ತದೆ, ಮೀಥೇನ್ ಹೆಚ್ಚು. ತೌಡು, ನುಚ್ಚು, ಜೋಳದಂಥ ಪಿಷ್ಟದ ಆಹಾರ ಪ್ರೊಪಿಯೊನೇಟ್ ಕಡೆಗೆ ಎಳೆಯುತ್ತದೆ, ಮೀಥೇನ್ ಕಡಿಮೆ.

ಈ ಅನಿಲ ಹಿಂದಿನಿಂದ ಬರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ನೂರರಲ್ಲಿ ತೊಂಬತ್ತೈದು ಪಾಲು ಬಾಯಿ, ಮೂಗಿನಿಂದಲೇ ಹೊರಬರುತ್ತದೆ. ತೇಗಲಾಗದಿದ್ದರೆ ಏನಾಗುತ್ತದೆ ಎಂಬುದು ದನ ಸಾಕಿದವರಿಗೆಲ್ಲ ಗೊತ್ತು. ಹೊಟ್ಟೆ ಉಬ್ಬರ. ಎಡಪಕ್ಕೆ ನಗಾರಿಯಂತೆ ಬಿಗಿಯುತ್ತದೆ, ದನ ಒದ್ದಾಡುತ್ತದೆ. ಎಣ್ಣೆ ಕುಡಿಸಿಯೂ ಇಳಿಯದಿದ್ದರೆ ಪಶುವೈದ್ಯರು ಎಡಪಕ್ಕೆಗೆ ಚುಚ್ಚಿ ಗಾಳಿ ತೆಗೆಯಬೇಕು, ತಡವಾದರೆ ಪ್ರಾಣವೇ ಹೋಗುತ್ತದೆ. ತೇಗು ಆಕಳಿಗೆ ಉಸಿರಾಟದಷ್ಟೇ ಅಗತ್ಯ. ಅದನ್ನು ಅಪರಾಧವೆಂಬಂತೆ ಮಾತಾಡುವವರು ಒಮ್ಮೆ ಉಬ್ಬರ ಬಂದ ದನದ ಪಕ್ಕ ಒಂದು ರಾತ್ರಿ ಕಳೆಯಬೇಕು.

ತೇಗನ್ನು ಅಳೆಯುವುದು ಹೇಗೆ? ದನವನ್ನು ಗಾಳಿ ಸೋರದ ಕೋಣೆಯಲ್ಲಿಟ್ಟು ಒಳಹೋಗುವ, ಹೊರಬರುವ ಗಾಳಿಯನ್ನು ತೂಗಿ ನೋಡುವುದು ಒಂದು ವಿಧಾನ. ಮೇಯುವ ದನಕ್ಕೆ ಅದು ಆಗದು. 1994ರಲ್ಲಿ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು ಬೇರೊಂದು ಉಪಾಯ ಪ್ರಕಟಿಸಿದರು. ಸಲ್ಫರ್ ಹೆಕ್ಸಾಫ್ಲೋರೈಡ್ ಎಂಬ ಅನಿಲವನ್ನು ಗೊತ್ತಾದ ವೇಗದಲ್ಲಿ ಬಿಡುವ ಪುಟ್ಟ ಕೊಳವೆಯನ್ನು ದನಕ್ಕೆ ನುಂಗಿಸಿ, ಮೂಗಿನ ಹತ್ತಿರದ ಗಾಳಿಯನ್ನು ಕೊರಳಿಗೆ ಕಟ್ಟಿದ ಡಬ್ಬಿಗೆ ಎಳೆದುಕೊಂಡು, ಎರಡು ಅನಿಲಗಳ ಪ್ರಮಾಣ ಹೋಲಿಸುವುದು. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯಲ್ಲೂ ದನಗಳ ಕೊರಳಿಗೆ ಇಂಥ ಡಬ್ಬಿ ಕಟ್ಟಿ ಅಳೆಯುತ್ತಾರೆ. ಇಡೀ ದೇಶದ ದನಗಳಿಗೆ ಡಬ್ಬಿ ಕಟ್ಟಲು ಸಾಧ್ಯವಿಲ್ಲ. ಆದ್ದರಿಂದ ಒಂದು ಬಗೆಯ ದನಕ್ಕೆ ಇಷ್ಟು ಎಂದು ಸರಾಸರಿ ಇಟ್ಟುಕೊಂಡು ದನಗಣತಿಯ ಸಂಖ್ಯೆಯಿಂದ ಗುಣಿಸುತ್ತಾರೆ.

ಅಂತರ್‌ಸರ್ಕಾರಿ ಹವಾಮಾನ ಸಮಿತಿ, ಅಂದರೆ ಐಪಿಸಿಸಿ, 2006ರ ಮಾರ್ಗಸೂಚಿಯಲ್ಲಿ ಭಾರತ ಉಪಖಂಡಕ್ಕೆ ಕೊಟ್ಟ ಸರಾಸರಿ ಹೀಗಿತ್ತು: ಹಾಲು ಕೊಡುವ ಆಕಳಿಗೆ ವರ್ಷಕ್ಕೆ 58 ಕಿಲೋ ಮೀಥೇನ್, ಎಮ್ಮೆಗೆ 55, ಎತ್ತು ಕರು ಮುಂತಾದ ಉಳಿದ ದನಕ್ಕೆ 27, ಕುರಿ ಆಡುಗಳಿಗೆ 5. ಐವತ್ತೆಂಟು ಕಿಲೋ ಅಂದರೆ ದಿನಕ್ಕೆ ಸುಮಾರು 160 ಗ್ರಾಂ, ಇನ್ನೂರ ಇಪ್ಪತ್ತು ಲೀಟರಿಗೂ ಮೇಲೆ. ಇದನ್ನು ಹಿಡಿದು ಒಲೆಗೆ ಉರಿಸಲು ಬರುವಂತಿದ್ದರೆ ವರ್ಷಕ್ಕೆ ಅಡುಗೆ ಗ್ಯಾಸಿನ ನಾಲ್ಕೂವರೆ ಸಿಲಿಂಡರಿನಷ್ಟು ಶಾಖ ಸಿಗುತ್ತಿತ್ತು. ಅಷ್ಟೂ ಶಕ್ತಿ ಮೇವಿನದು. ರೈತ ದುಡ್ಡು ಕೊಟ್ಟು ಕೊಂಡ, ಇಲ್ಲವೇ ಹೊತ್ತು ತಂದ ಮೇವಿನ ಶಕ್ತಿಯಲ್ಲಿ ನೂರಕ್ಕೆ ಆರು ಪಾಲು, ಒಮ್ಮೊಮ್ಮೆ ಇನ್ನೂ ಹೆಚ್ಚು, ಹೀಗೆ ಗಾಳಿಗೆ ಹೋಗುತ್ತದೆ.

ಅದೇ ಮಾರ್ಗಸೂಚಿಯಲ್ಲಿ ಉತ್ತರ ಅಮೆರಿಕದ ಹಾಲಿನ ಆಕಳಿಗೆ 128 ಕಿಲೋ. ಎರಡು ಪಟ್ಟಿಗೂ ಮಿಗಿಲು. ಇಷ್ಟಕ್ಕೇ ನಿಲ್ಲಿಸಿದರೆ ನಮ್ಮ ಆಕಳು ಗೆದ್ದಂತೆ. ಆದರೆ ಅಲ್ಲಿನ ಆಕಳು ವರ್ಷಕ್ಕೆ 8,400 ಕಿಲೋ ಹಾಲು ಕೊಡುತ್ತದೆಂದೂ ನಮ್ಮದು 900 ಕಿಲೋ ಕೊಡುತ್ತದೆಂದೂ ಅದೇ ಪಟ್ಟಿ ಹೇಳುತ್ತದೆ. ಭಾಗಿಸಿ ನೋಡಿ. ಕಿಲೋ ಹಾಲಿಗೆ ಅಲ್ಲಿ 15 ಗ್ರಾಂ, ಇಲ್ಲಿ 64 ಗ್ರಾಂ. ತಲೆಯ ಲೆಕ್ಕದಲ್ಲಿ ನಮ್ಮದು ಕಡಿಮೆ, ಹಾಲಿನ ಲೆಕ್ಕದಲ್ಲಿ ನಾಲ್ಕು ಪಟ್ಟು ಹೆಚ್ಚು. ನಮ್ಮ ಆಕಳು ಕೆಟ್ಟದ್ದೆಂದು ಇದರ ಅರ್ಥವಲ್ಲ. ಹಸಿದ ಆಕಳು ತನ್ನ ಮೈ ಉಳಿಸಿಕೊಳ್ಳುವುದಕ್ಕೇ ಮೇವನ್ನೆಲ್ಲ ಖರ್ಚು ಮಾಡುತ್ತದೆ, ಹಾಲಿಗೆ ಉಳಿಯುವುದು ಸ್ವಲ್ಪ. ತೇಗು ಮಾತ್ರ ಎರಡಕ್ಕೂ ಸೇರಿ ಬರುತ್ತದೆ. ಭಾರತದ ಜಾನುವಾರು ಮೀಥೇನನ್ನು ನಾನು ಓದುವುದು ಹೀಗೆ: ಅದು ಬಹುಪಾಲು ನಮ್ಮ ದನಗಳ ಹಸಿವಿನ ಅಳತೆ.

ಇನ್ನು ದೇಶದ ಎಪ್ಪತ್ತು ವರ್ಷ. 1951ರ ಗಣತಿಯಲ್ಲಿ 15.5 ಕೋಟಿ ದನ, 4.3 ಕೋಟಿ ಎಮ್ಮೆಗಳಿದ್ದವು. 1992ಕ್ಕೆ ದನ 20 ಕೋಟಿ ದಾಟಿತು, ಆಮೇಲೆ ಸ್ವಲ್ಪ ಇಳಿಯಿತು. 2019ರ ಇಪ್ಪತ್ತನೆಯ ಜಾನುವಾರು ಗಣತಿಯಲ್ಲಿ ದನ 19.2 ಕೋಟಿ, ಎಮ್ಮೆ ಸುಮಾರು 11 ಕೋಟಿ. ಎಮ್ಮೆಗಳು ಎರಡೂವರೆ ಪಟ್ಟಾದವು. ಹಾಲು 1950–51ರಲ್ಲಿ 1.7 ಕೋಟಿ ಟನ್ ಇದ್ದದ್ದು 2022–23ಕ್ಕೆ 23 ಕೋಟಿ ಟನ್ ಆಯಿತು.

ಮೀಥೇನ್ ಹೀಗೆ ನೆಗೆಯಲಿಲ್ಲ. ಭಾರತವು ವಿಶ್ವಸಂಸ್ಥೆಗೆ ಕೊಟ್ಟ ಮೊದಲ ವರದಿಯ ಪ್ರಕಾರ 1994ರಲ್ಲಿ ಜಾನುವಾರುಗಳ ಜೀರ್ಣಕ್ರಿಯೆಯಿಂದ ಸುಮಾರು 90 ಲಕ್ಷ ಟನ್ ಮೀಥೇನ್ ಹೊರಟಿತ್ತು. 2010ರಲ್ಲಿ ಪರಿಸರ ಸಚಿವಾಲಯ ಬಿಡುಗಡೆ ಮಾಡಿದ ಲೆಕ್ಕದಲ್ಲಿ 2007ರ ಸಂಖ್ಯೆ ಸುಮಾರು 101 ಲಕ್ಷ ಟನ್. ಎರಡೂ ಲೆಕ್ಕಗಳ ವಿಧಾನ ಪೂರ್ತಿ ಒಂದೇ ಅಲ್ಲ, ಆದರೂ ದಿಕ್ಕು ಸ್ಪಷ್ಟ. ಮೀಥೇನ್ ನೂರಕ್ಕೆ ಹನ್ನೆರಡರಷ್ಟು ಏರಿದ ಆ ಅವಧಿಯಲ್ಲೇ ಹಾಲು ಆರು ಕೋಟಿ ಟನ್ನಿಂದ ಹನ್ನೊಂದು ಕೋಟಿ ಟನ್ನಿನ ಹತ್ತಿರಕ್ಕೆ ಹೋಗಿತ್ತು. ಇಷ್ಟಾದರೂ ಕೃಷಿಯಿಂದ ಹೊರಡುವ ಹಸಿರುಮನೆ ಅನಿಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮೆಲುಕುಚೀಲದ್ದೇ. ಭತ್ತದ ಗದ್ದೆ ಅದರ ಹಿಂದೆ ದೂರದಲ್ಲಿ ಬರುತ್ತದೆ.

ಈ ಸಂಖ್ಯೆಗಳ ಒಳಗೆ ದೊಡ್ಡ ಪಲ್ಲಟವೊಂದು ನಡೆದಿದೆ. 2012ರಿಂದ 2019ರ ನಡುವೆ ದೇಶದ ಗಂಡು ದನಗಳು ನೂರಕ್ಕೆ ಮೂವತ್ತರಷ್ಟು ಕಡಿಮೆಯಾದವು, ಹೆಣ್ಣು ದನಗಳು ಹದಿನೆಂಟರಷ್ಟು ಹೆಚ್ಚಾದವು. ಎತ್ತು ಹೋಯಿತು, ಟ್ರ್ಯಾಕ್ಟರ್ ಬಂತು. ಬಳ್ಳಾರಿ ಸೀಮೆಯ ಎರೆಹೊಲಗಳಲ್ಲಿ ಕುಂಟೆ ಹೊಡೆಯುತ್ತಿದ್ದ ಜೋಡೆತ್ತುಗಳನ್ನು ನೆನೆದು ಮಾತಾಡುವ ಹಿರಿಯರು ಈಗಲೂ ಇದ್ದಾರೆ. ಎತ್ತು ವರ್ಷಕ್ಕೆ ಬಿಡುತ್ತಿದ್ದ 27 ಕಿಲೋ ಮೀಥೇನ್ ಲೆಕ್ಕದಿಂದ ಹೋಯಿತು, ಅದರ ಬದಲು ಸುಡುವ ಡೀಸೆಲ್ ಬೇರೆ ಪುಸ್ತಕದಲ್ಲಿ ಜಮೆಯಾಯಿತು. ಉಳುಮೆಗೆಂದು ದನ ಕಟ್ಟಿದವರ ಮಕ್ಕಳು ಈಗ ಹಾಲಿಗೆಂದು ಕಟ್ಟುತ್ತಾರೆ, ಬೆಳಿಗ್ಗೆ ಕ್ಯಾನು ಹಿಡಿದು ಡೇರಿಗೆ ಹೋಗುತ್ತಾರೆ. ಅದಕ್ಕೂ ಎಷ್ಟೋ ಮುಂಚೆ ದನ ಕಟ್ಟಿದ ಬೂದಿದಿಬ್ಬದವರು ಸಗಣಿಯನ್ನೇ ದಿಬ್ಬವಾಗುವಷ್ಟು ಕೂಡಿಸಿದ್ದರು.

ಮೀಥೇನ್ ಇಳಿದ ವರ್ಷಗಳೆಲ್ಲ ಒಳ್ಳೆಯ ವರ್ಷಗಳಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಧಾತು, ಈಶ್ವರ ಸಂವತ್ಸರಗಳ ಬರ, ಅಂದರೆ 1876–78ರ ಬರ, ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿ ಜಿಲ್ಲೆಯನ್ನು ಎಲ್ಲಕ್ಕಿಂತ ಹೆಚ್ಚು ಹಿಂಡಿದ ಬರಗಳಲ್ಲಿ ಒಂದು. ಜನರ ಜೊತೆ ದನಗಳು ಹಿಂಡು ಹಿಂಡಾಗಿ ಸತ್ತವು. ಆ ವರ್ಷಗಳಲ್ಲಿ ಈ ಸೀಮೆಯಿಂದ ಗಾಳಿಗೆ ಹೋದ ಮೀಥೇನ್ ಖಂಡಿತ ಕಡಿಮೆಯಾಗಿರಬೇಕು. ತಲೆ ಎಣಿಕೆಯನ್ನಷ್ಟೇ ನೋಡುವ ಲೆಕ್ಕಕ್ಕೆ ಬರವೂ ಸಾಧನೆಯಂತೆ ಕಾಣುತ್ತದೆ. ಅಂಥ ಲೆಕ್ಕ ನನಗೆ ಬೇಡ.

ಮತ್ತೆ ಕುಡತಿನಿಯ ಎರಡು ಬೂದಿಗಳ ಮಾತಿಗೆ ಬರುತ್ತೇನೆ. ಕಲ್ಲಿದ್ದಲಿನ ಇಂಗಾಲ ಕೋಟ್ಯಂತರ ವರ್ಷ ನೆಲದಡಿ ಇದ್ದದ್ದು. ಸುಟ್ಟಾಗ ಅದು ಹೊಸದಾಗಿ ಗಾಳಿಗೆ ಸೇರಿ ಶತಮಾನಗಳ ಕಾಲ ಉಳಿಯುತ್ತದೆ, ಒಂದರ ಮೇಲೊಂದು ಪೇರಿಕೊಳ್ಳುತ್ತದೆ. ದನದ ಮೀಥೇನಿನ ಇಂಗಾಲ ಕಳೆದ ಸುಗ್ಗಿಯಲ್ಲಿ ಹುಲ್ಲು ಗಾಳಿಯಿಂದಲೇ ತೆಗೆದುಕೊಂಡದ್ದು. ಅದು ಹನ್ನೆರಡು ವರ್ಷದ ಆಸುಪಾಸಿನಲ್ಲಿ ಒಡೆದು ಮತ್ತೆ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಇದ್ದಷ್ಟು ದಿನ ಮಾತ್ರ ಅದರ ಕಾವು ಭಯಂಕರ: ಒಂದು ಟನ್ ಮೀಥೇನ್ ನೂರು ವರ್ಷದ ಲೆಕ್ಕದಲ್ಲಿ 27 ಟನ್, ಇಪ್ಪತ್ತು ವರ್ಷದ ಲೆಕ್ಕದಲ್ಲಿ 80 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಹಿಂಡು ಬೆಳೆಯದೆ ನಿಂತರೆ ಅದರ ಮೀಥೇನ್ ಭೂಮಿಯ ಬಿಸಿಯನ್ನು ಹೆಚ್ಚುಕಡಿಮೆ ಅದೇ ಮಟ್ಟದಲ್ಲಿ ಇರಿಸುತ್ತದೆ, ಇಳಿದರೆ ತಂಪು ಬೇಗ ಸಿಗುತ್ತದೆ. ಕಲ್ಲಿದ್ದಲಿನಿಂದ ಅಂಥ ಬೇಗದ ಉಪಕಾರ ಸಿಗದು. ದನವನ್ನು ಬಾಯ್ಲರಿನ ಜೊತೆ ಒಂದೇ ತಕ್ಕಡಿಯಲ್ಲಿ ತೂಗಬಾರದು, ಹಾಗೆಂದು ದನದ್ದು ಏನೂ ಇಲ್ಲವೆಂದು ಕೈ ತೊಳೆದುಕೊಳ್ಳಲೂಬಾರದು. ಗಾಳಿಯ ನೂರು ಕೋಟಿ ಅಣುಗಳಲ್ಲಿ ಕೈಗಾರಿಕಾ ಯುಗದ ಮೊದಲು 730ರಷ್ಟಿದ್ದ ಮೀಥೇನ್ ಈಗ 1,900 ದಾಟಿದೆ.

ಬಡ ದೇಶಗಳ ಮೀಥೇನನ್ನು ಅಳೆಯುವುದರಲ್ಲೇ ಅನ್ಯಾಯ ನಡೆದದ್ದುಂಟು. 1990ರ ಸುಮಾರಿಗೆ ಅಮೆರಿಕದ ಪರಿಸರ ಸಂಸ್ಥೆ ಭಾರತದ ಭತ್ತದ ಗದ್ದೆಗಳಿಂದ ವರ್ಷಕ್ಕೆ ಸುಮಾರು 3.8 ಕೋಟಿ ಟನ್ ಮೀಥೇನ್ ಬರುತ್ತದೆಂದು ಅಂದಾಜು ಮಾಡಿತ್ತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ.ಪಿ. ಮಿತ್ರ ದೇಶದ ಗದ್ದೆಗಳಿಗೇ ಹೋಗಿ ಅಳೆಯಿಸಿದರು. ಸಿಕ್ಕಿದ್ದು 40 ಲಕ್ಷ ಟನ್ನಿನಷ್ಟು, ಹತ್ತನೇ ಒಂದು ಪಾಲು. ಅದೇ ವೇಳೆಗೆ, 1991ರಲ್ಲಿ, ಪರಿಸರವಾದಿಗಳಾದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಬದುಕಿಗಾಗಿ ಬಿಡುವ ಅನಿಲವನ್ನೂ ಭೋಗಕ್ಕಾಗಿ ಬಿಡುವ ಅನಿಲವನ್ನೂ ಒಂದೇ ಎನ್ನಬೇಡಿ ಎಂದು ವಾದಿಸಿದರು. 2021ರಲ್ಲಿ ಗ್ಲಾಸ್ಗೊದಲ್ಲಿ ನೂರಕ್ಕೂ ಹೆಚ್ಚು ದೇಶಗಳು 2030ರ ಹೊತ್ತಿಗೆ ಜಗತ್ತಿನ ಮೀಥೇನನ್ನು ನೂರಕ್ಕೆ 30ರಷ್ಟು ಇಳಿಸುವ ಪ್ರತಿಜ್ಞೆಗೆ ಸೇರಿದಾಗ ಭಾರತ ಸೇರಲಿಲ್ಲ. ಆ ನಿಲುವು ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಸಹಿ ಹಾಕದಿರುವುದಕ್ಕೂ ಕೊಟ್ಟಿಗೆಯಲ್ಲಿ ಮಾಡಬಹುದಾದ ಕೆಲಸವನ್ನು ಬಿಡುವುದಕ್ಕೂ ಸಂಬಂಧವಿಲ್ಲ.

ಮೇವು ಸುಧಾರಿಸುವ ಆ ಕೆಲಸಕ್ಕೆ ಸಿರುಗುಪ್ಪದಷ್ಟು ತಕ್ಕ ಜಾಗ ಕಡಿಮೆ. ತುಂಗಭದ್ರೆಯ ನೀರಿಗೆ ಇಲ್ಲಿ ವಿಜಯನಗರದ ಕಾಲದ ಕಾಲುವೆಗಳಿದ್ದವು, 1953ರ ಅಣೆಕಟ್ಟಿನ ನಂತರ ನೀರಾವರಿ ಹರಡಿತು. ಜೋಳ, ಹತ್ತಿ ಬೆಳೆಯುತ್ತಿದ್ದ ಎಷ್ಟೋ ಹೊಲಗಳು ನೆಲ್ಲಿನ ಗದ್ದೆಗಳಾದವು. ಮನುಷ್ಯರ ತಟ್ಟೆಗೆ ಸೋನಾ ಮಸೂರಿ ಬಂತು. ದನದ ಗ್ವಾದಲಿಗೆ ಬಂದದ್ದು ನೆಲ್ಲುಹುಲ್ಲು. ಜೋಳದ ಸೊಪ್ಪೆಯನ್ನು ದನ ಸವಿದು ತಿನ್ನುತ್ತದೆ. ನೆಲ್ಲುಹುಲ್ಲಿನಲ್ಲಿ ಸಿಲಿಕಾ ಜಾಸ್ತಿ, ಪ್ರೋಟೀನ್ ನೂರಕ್ಕೆ ಮೂರೋ ನಾಲ್ಕೋ ಪಾಲು. ಮೆಲುಕುಚೀಲದ ಜೀವಿಗಳಿಗೆ ಬೆಳೆಯಲು ಸಾರಜನಕ ಸಾಲದು. ನಾರು ನಿಧಾನವಾಗಿ ಕೊಳೆಯುತ್ತದೆ, ಹೊಟ್ಟೆ ತುಂಬಿದ್ದರೂ ದನ ಹಸಿದಿರುತ್ತದೆ. ಹಾರ್ವೆಸ್ಟರ್ ಹಾಯ್ದ ಗದ್ದೆಯಲ್ಲಿ ಹುಲ್ಲು ಚೆಲ್ಲಾಪಿಲ್ಲಿಯಾಗಿ ಬಿದ್ದು, ಬಣವೆ ಒಟ್ಟುವ ಬದಲು ಅಲ್ಲೇ ಬೆಂಕಿ ಹಚ್ಚುವುದೂ ಇದೆ.

ಈ ಊರಲ್ಲೇ ಮದ್ದೂ ಇದೆ. ನೆಲ್ಲಿನ ಮಿಲ್ಲುಗಳ ತೌಡು, ಗಾಣದ ಶೇಂಗಾ ಹಿಂಡಿ, ಹತ್ತಿಕಾಳು. ಹಿಂದಿನವರು ಹಾಲಿನಲ್ಲಿ ಜಿಡ್ಡು ಬರಲೆಂದು ಎಮ್ಮೆಗೆ ಹತ್ತಿಕಾಳು ನೆನೆಸಿ ರುಬ್ಬಿ ಇಡುತ್ತಿದ್ದರು. ಎಣ್ಣೆಯಂಶ ಮೆಲುಕುಚೀಲದಲ್ಲಿ ಮೀಥೇನನ್ನು ತಗ್ಗಿಸುತ್ತದೆಂದು ಈಗ ತಿಳಿದಿದೆ. ಮಿತಿ ಮೀರಿದರೆ ನಾರು ಕೊಳೆಯುವುದೇ ಕೆಡುತ್ತದೆ. ಆನಂದಿನ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಹಳ್ಳಿಗಳಲ್ಲಿ ಒಂದೊಂದು ದನಕ್ಕೂ ಇದ್ದ ಮೇವಿನಲ್ಲೇ ಯಾವುದು ಎಷ್ಟು ಎಂದು ಲೆಕ್ಕ ಮಾಡಿ ಕೊಟ್ಟಾಗ ಹಾಲು ಕೊಂಚ ಏರಿತು, ಮೇವಿನ ಖರ್ಚು ಇಳಿಯಿತು, ಕಿಲೋ ಹಾಲಿನ ಮೀಥೇನೂ ಇಳಿಯಿತು. ಆಡುಗೋಡಿಯ ಸಂಸ್ಥೆ ಹುಣಸೆಬೀಜದ ಸಿಪ್ಪೆಯ ಟ್ಯಾನಿನ್ ಹಿಡಿದು ಕೆಲಸ ಮಾಡಿದೆ. ಟ್ಯಾನಿನ್ ಇರುವ ಗಿಡಮೂಲಗಳಿಂದ ಅವರು ಮಾಡಿದ ಹರಿತ್ ಧಾರಾ ಎಂಬ ಪುಡಿ ಮೀಥೇನನ್ನು ನೂರಕ್ಕೆ 17ರಿಂದ 20ರಷ್ಟು ತಗ್ಗಿಸುತ್ತದೆ. ಹೊರದೇಶಗಳಲ್ಲಿ ಸುದ್ದಿಯಾಗಿರುವ ರಾಸಾಯನಿಕ ಪುಡಿಗಳೂ ಕೆಂಪು ಕಡಲಪಾಚಿಯೂ ಇನ್ನೂ ಹೆಚ್ಚು ಇಳಿಸುತ್ತವೆ, ಆದರೆ ಅವನ್ನು ದಿನವೂ ಮೇವಿನಲ್ಲಿ ಕಲಸಿ ಕೊಡಬೇಕು. ಬಯಲಲ್ಲಿ ಮೇಯುವ ಎರಡು ದನಗಳ ಒಡತಿಗೆ ಅದು ದೂರದ ಮಾತು.

ಆಕೆಗೆ ಹತ್ತಿರದ್ದು ಹುಲ್ಲಿನ ಯೂರಿಯಾ ಉಪಚಾರ. ನೂರು ಕಿಲೋ ಒಣಹುಲ್ಲಿಗೆ ನಾಲ್ಕು ಕಿಲೋ ಯೂರಿಯಾ, ಅದನ್ನು ಐವತ್ತು ಅರವತ್ತು ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿಕೊಳ್ಳಬೇಕು. ಹುಲ್ಲನ್ನು ಪದರ ಪದರವಾಗಿ ಹಾಸಿ, ಪ್ರತಿ ಪದರಕ್ಕೂ ಆ ನೀರು ಚಿಮುಕಿಸಿ, ಗಾಳಿ ಉಳಿಯದಂತೆ ತುಳಿದು, ತಾಡಪಾಲು ಮುಚ್ಚಿ ಅಂಚಿಗೆ ಮಣ್ಣು ಮೆತ್ತಬೇಕು. ಪ್ರಮಾಣ ತಪ್ಪಬಾರದು, ಹೆಚ್ಚಾದ ಯೂರಿಯಾ ದನಕ್ಕೆ ವಿಷ. ಎಳೆಗರುವಿಗೆ ಈ ಹುಲ್ಲು ಕೊಡಲೇಬಾರದು. ಒಳಗೆ ಯೂರಿಯಾ ಅಮೋನಿಯಾ ಆಗಿ ನಾರಿನ ಗಂಟುಗಳನ್ನು ಸಡಿಲಿಸುತ್ತದೆ, ಜೀವಿಗಳಿಗೆ ಬೇಕಾದ ಸಾರಜನಕವೂ ಹುಲ್ಲಿನಲ್ಲೇ ಕೂಡಿಕೊಳ್ಳುತ್ತದೆ. ಇಪ್ಪತ್ತೊಂದು ದಿನ ಬಿಟ್ಟು ತಾಡಪಾಲು ಎತ್ತಿದರೆ ಅಮೋನಿಯಾದ ಘಾಟು ಕಣ್ಣಿಗೆ ಬಡಿಯುತ್ತದೆ. ಹುಲ್ಲು ಮೆತ್ತಗಾಗಿರುತ್ತದೆ, ಬಣ್ಣ ಕಂದಿರುತ್ತದೆ. ಒಂದು ತಾಸು ಗಾಳಿಗೆ ಹರವಿ ಗ್ವಾದಲಿಗೆ ಹಾಕಿದರೂ ಮೊದಲ ದಿನ ಆಕಳು ಮೂತಿ ತಿರುಗಿಸುತ್ತದೆ. ಮಾಮೂಲಿ ಹುಲ್ಲಿನಲ್ಲಿ ಒಂದು ಹಿಡಿ ಬೆರೆಸಿ ಕೊಡುತ್ತ ಹೋದರೆ ವಾರದೊಳಗೆ ಅದನ್ನೇ ಹುಡುಕಿ ತಿನ್ನತೊಡಗುತ್ತದೆ.